ಟೈಮ್ ನೋಡಲು ಬರುವವಳು

ಆ ಓಣಿಯ ಮನೆಗಳಲ್ಲಿ ಬೇರೆ ಏನಿಲ್ಲದಿದ್ದರೂ ಗೋಡೆಯ ಮೇಲೆ ಒಂದು ಫೋಟೋ ಇದ್ದೇ ಇತ್ತು. ವರ್ಷ ತುಂಬಿದ ಮಗು, ಎತ್ತರದ ಬೆನ್ನಿನ ಕುರ್ಚಿ, ಕುರ್ಚಿಯ ಮೇಲೆ ಹೂವಿನ ಚಿತ್ತಾರದ ದಪ್ಪ ಬಟ್ಟೆ. ಮನೆ ಬೇರೆ, ಮಗು ಬೇರೆ, ಕುರ್ಚಿ ಮಾತ್ರ ಅದೇ, ಬಟ್ಟೆಯೂ ಅದೇ. ಸುಮ್ಮನೆ ನೋಡಿದರೆ ಕುರ್ಚಿಗೆ ಹೊದಿಸಿದ್ದಾರೆ ಅನ್ನಿಸುತ್ತದೆ. ಕಣ್ಣಿಟ್ಟು ನೋಡಿ, ಆ ಬಟ್ಟೆಗೆ ತಲೆಯಿದೆ, ಭುಜಗಳಿವೆ, ಮಗುವಿನ ಸೊಂಟದ ಹತ್ತಿರ ಎರಡು ಕೈಗಳ ಉಬ್ಬಿದೆ. ಅಷ್ಟು ಚಿಕ್ಕ ಮಕ್ಕಳು ಹೇಳಿದ ಕಡೆ ಕೂರುತ್ತವೆಯೇ? ಅದಕ್ಕೇ ಸ್ಟುಡಿಯೋದ ಮುದುಕ ಒಂದು ಉಪಾಯ ಕಂಡುಕೊಂಡಿದ್ದ. ಕುರ್ಚಿಯಲ್ಲಿ ಒಬ್ಬ ಹೆಂಗಸನ್ನು ಕೂರಿಸಿ, ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಮಡಿಲಲ್ಲಿ ಮಗುವನ್ನಿಡುವುದು. ಹಿಡಿದವಳು ಕಾಣಬಾರದು, ಮಗು ಮಾತ್ರ ಕಾಣಬೇಕು.

ಬೇರೆ ಕಡೆಯಾಗಿದ್ದರೆ ಬಟ್ಟೆಯೊಳಗೆ ಆಯಾ ಮಗುವಿನ ತಾಯಿಯೇ ಇರುತ್ತಿದ್ದಳು. ಈ ಓಣಿಯ ತಾಯಂದಿರಿಗೆ ಆ ಭಾಗ್ಯವೆಲ್ಲಿ? ಎಲ್ಲರೂ ಶರ್ಟಿನ ಕಾರ್ಖಾನೆಯಲ್ಲಿ. ಒಬ್ಬಳು ಕಾಲರ್ ಹೊಲಿಯುತ್ತಿದ್ದಳು, ಒಬ್ಬಳು ತೋಳು, ಇನ್ನೊಬ್ಬಳು ಗುಂಡಿ. ಮಗುವಿನ ಫೋಟೋಕ್ಕೆ ಅರ್ಧ ದಿನ ರಜೆ ಕೊಡಿ ಅಂದರೆ ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಅನ್ನುತ್ತಿದ್ದ. ಹಾಗಾಗಿ ಹಗಲೆಲ್ಲ ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕೊನೆಯ ಮನೆಯ ಹೆಂಗಸೇ ಅವುಗಳನ್ನು ಸ್ಟುಡಿಯೋಕ್ಕೂ ಎತ್ತಿಕೊಂಡು ಹೋಗುತ್ತಿದ್ದಳು. ತೊಟ್ಟಿಲಮ್ಮ ಎಂದು ಓಣಿ ಅವಳನ್ನು ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ. ಓಣಿಯ ಗೋಡೆಗೋಡೆಯ ಮೇಲೂ ತೊಟ್ಟಿಲಮ್ಮ ಕೂತಿದ್ದಳು. ಒಂದರಲ್ಲೂ ಅವಳ ಮುಖವಿರಲಿಲ್ಲ.

ಅವಳಿಗೂ ಒಂದು ಹೆಣ್ಣುಮಗುವಿತ್ತು. ವರ್ಷ ತುಂಬಿದ ಹೊಸತರಲ್ಲೇ ಜ್ವರ ಬಂದು ಹೋಗಿಬಿಟ್ಟಿತು. ಆಮೇಲೆ ಆ ಮಗುವಿನ ಮಾತನ್ನು ಅವಳೂ ಎತ್ತಲಿಲ್ಲ, ಓಣಿಯೂ ಎತ್ತಲಿಲ್ಲ. ಕಂಡವರ ಮಕ್ಕಳ ತೊಟ್ಟಿಲು ತೂಗುತ್ತ ಅವಳು ಮುದುಕಿಯಾದಳು.

ಸತ್ತ ಆ ಮಗುವಿನ ಓರಗೆಯವಳೇ ಗುಬ್ಬಿ. ಹೆಸರಿಗೆ ಗುಬ್ಬಿ, ಈಗ ನಲವತ್ತು ದಾಟಿದ ಹೆಂಗಸು. ಕಣ್ಣಿಗೆ ಕನ್ನಡಕ, ಕತ್ತಿಗೆ ಕ್ಯಾಮೆರಾ. ದೊಡ್ಡ ಊರಿನಲ್ಲಿ ಜನರ ಮುಖದ ಫೋಟೋ ತೆಗೆಯುವುದೇ ಅವಳ ಕಸುಬು. ಯಾರ್ಯಾರದೋ ಮುಖ ತೆಗೆದು ಸಾಕಾಗಿ, ತನ್ನನ್ನು ಎತ್ತಿ ಆಡಿಸಿದ ಹೆಂಗಸರ ಮುಖಗಳನ್ನು ತೆಗೆಯಬೇಕೆಂದು ಅಮ್ಮನ ಮನೆಗೆ ಬಂದಿದ್ದಳು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಕುರ್ಚಿ, ಹಿಂದೆ ಬೂದು ಬಣ್ಣದ ಒಂದು ಹೊದಿಕೆ. ಅಷ್ಟೇ ಅವಳ ಸ್ಟುಡಿಯೋ.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಇಸ್ತ್ರಿ ಅಂಗಡಿಯ ಚಿಕ್ಕಮ್ಮ ಕೂತ ತಕ್ಷಣ ಶುರು ಮಾಡಿದಳು. "ಗುಬ್ಬಿ, ನನ್ನ ಸುಕ್ಕನ್ನೆಲ್ಲ ತೆಗೆದುಬಿಡೇ. ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕ್ದೆ, ನನ್ನ ಮುಖಕ್ಕೆ ಹಾಕೋರು ಯಾರೂ ಸಿಗಲಿಲ್ಲ."

"ಸುಕ್ಕು ತೆಗೆಯಲ್ಲ ಚಿಕ್ಕಮ್ಮ. ಮುಖದಲ್ಲಿ ಏನಿದೆಯೋ ಅದೇ ಬರ್ಬೇಕು. ಒಂದು ಮಚ್ಚೆನೂ ಒರೆಸಲ್ಲ."

"ಹಾಗಾದ್ರೆ ನೀನೂ ಬೇಡ, ನಿನ್ನ ಫೋಟೋನೂ ಬೇಡ," ಅಂದಳು ಚಿಕ್ಕಮ್ಮ. ಅಂದವಳು ಕುರ್ಚಿ ಬಿಟ್ಟು ಏಳಲೂ ಇಲ್ಲ.

ತೊಟ್ಟಿಲಮ್ಮ ಮಾತ್ರ ಕೈಗೆ ಸಿಗಲಿಲ್ಲ. "ಅಯ್ಯೋ ಹೋಗೇ, ಬಟ್ಟೆ ಹೊದ್ಕೊಂಡು ಕೂತು ಅಭ್ಯಾಸ ಆದವಳು ನಾನು. ಮುಖ ತೋರಿಸ್ಕೊಂಡು ಕೂರೋಕೆ ಬರಲ್ಲ."

"ನೀನು ಕೂರ್ಲಿಲ್ಲ ಅಂದ್ರೆ ಉಳಿದವರದ್ದೂ ಬೇಡ, ಎಲ್ಲ ಇಲ್ಲೇ ಬಿಟ್ಟು ಹೋಗ್ತೀನಿ," ಅಂದಳು ಗುಬ್ಬಿ. ಹೆದರಿಸಲು ಆಡಿದ ಮಾತಲ್ಲ ಅದು. ಓಣಿಯ ಹೆಂಗಸರ ಸಾಲಿನಲ್ಲಿ ತೊಟ್ಟಿಲಮ್ಮನ ಮುಖವಿಲ್ಲದೆ ಹೋದರೆ ತಾನೂ ಆ ಸ್ಟುಡಿಯೋ ಮುದುಕನ ಹಾಗೆ ಬಟ್ಟೆ ಹೊದಿಸಿದಂತೆಯೇ ಆಯಿತು ಎಂದು ಅವಳಿಗೆ ನಿಜಕ್ಕೂ ಅನ್ನಿಸಿತ್ತು.

ಕಾಡಿ ಬೇಡಿ ಒಂದು ಬೆಳಗ್ಗೆ ಕರೆತಂದಳು. ಕುರ್ಚಿಯಲ್ಲಿ ಮುದುಕಿಯ ಬೆನ್ನು ನಿಲ್ಲಲಿಲ್ಲ, ಮೈಯೆಲ್ಲ ನಡುಗುತ್ತಿತ್ತು. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಬೀಳುವಂತೆ ತಿರುಗಿಸಿ, ಪರೀಕ್ಷೆಗೆಂದು ಗುಬ್ಬಿ ಒಂದೇ ಒಂದು ಫೋಟೋ ತೆಗೆದಳು. ಆಗ ಕಂಡಿತು. ಕಿವಿ ಕೆನ್ನೆಗೆ ಸೇರುವ ಜಾಗದಲ್ಲಿ, ಸೂಜಿಯಲ್ಲಿ ಚುಚ್ಚಿದಷ್ಟು ಸಣ್ಣ ಕುಳಿ.

"ಇದೇನು ತೊಟ್ಟಿಲಮ್ಮ, ಗಾಯ ಆಗಿತ್ತಾ?"

"ಗಾಯ ಅಲ್ಲ, ಹುಟ್ಟಿದಾಗಲೇ ಬಂದಿದ್ದು. ನಮ್ಮಜ್ಜಿಗೂ ಇತ್ತು, ನಮ್ಮಮ್ಮಂಗೂ ಇತ್ತು. ನಮ್ಮ ಮನೆ ಹೆಣ್ಣುಮಕ್ಕಳ ಗುರುತು." ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ಬೆನ್ನು ನಿಲ್ತಿಲ್ಲ ಕಣೇ. ಭಾನುವಾರ ಬರ್ತೀನಿ, ಆವಾಗ ಸರಿಯಾಗಿ ತೆಗಿ."

ಭಾನುವಾರದವರೆಗೆ ಸುಮ್ಮನೆ ಕೂರುವ ಜಾಯಮಾನ ಗುಬ್ಬಿಯದಲ್ಲ. ಮನೆಯ ಗೋಡೆಯ ಮೇಲೆ ಗಡಿಯಾರದ ಪಕ್ಕ ಅವಳದೇ ಫೋಟೋ ತೂಗುತ್ತಿತ್ತು. ವರ್ಷದ ಗುಬ್ಬಿ, ಅದೇ ಕುರ್ಚಿ, ಅದೇ ಹೂವಿನ ಬಟ್ಟೆ. ಫ್ರಾಕ್ ಮಾತ್ರ ಹೊಸದು, ಅಮ್ಮ ಕಾರ್ಖಾನೆಯ ಚೂರು ಬಟ್ಟೆ ಕೂಡಿಸಿ ಹೊಲಿದದ್ದು. ಫೋಟೋ ಹಳದಿಗಟ್ಟಿ, ಬೂಷ್ಟು ಹಿಡಿದು, ಗಾಜಿಗೇ ಅಂಟಿಕೊಂಡುಬಿಟ್ಟಿತ್ತು. ಎಳೆದರೆ ಮುಖವೇ ಕಿತ್ತು ಬರುತ್ತದೆ. ಅದನ್ನು ಸರಿಪಡಿಸಿ ಅಮ್ಮನಿಗೆ ಕೊಡೋಣವೆಂದು ಗುಬ್ಬಿ ಗಾಜಿನ ಮೇಲಿಂದಲೇ ಅದರ ಪ್ರತಿ ತೆಗೆದುಕೊಂಡಳು. ಕಂಪ್ಯೂಟರ್‌ನಲ್ಲಿ ಹಾಕಿಕೊಂಡು ಬೂಷ್ಟು ತೆಗೆದಳು, ಬಿರುಕು ತುಂಬಿದಳು. ಬಟ್ಟೆಯ ಅಂಚಿನಿಂದ ದಪ್ಪನೆಯ ಒಂದು ಬೆರಳು ಹೊರಗೆ ಬಂದಿತ್ತು, ಮಗು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ನೋಡಲು ಚೆನ್ನಾಗಿಲ್ಲವೆಂದು ಅದನ್ನೂ ಅಳಿಸಿದಳು. ಮಗುವಿನ ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆಯಿತ್ತು. ಹಳೆಯ ಫೋಟೋಗಳ ಮೇಲೆ ಇಂಥ ಧೂಳಿನ ಚುಕ್ಕೆಗಳಿಗೇನು ಬರವೇ? ಅದೂ ಹೋಯಿತು. ಮುಖದ ಮೇಲಿನ ಒಂದು ಮಚ್ಚೆಯನ್ನೂ ಒರೆಸುವುದಿಲ್ಲ ಎಂದವಳು ಅದನ್ನು ಒರೆಸುವಾಗ ಕೈಯನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಹೊಸ ಕಟ್ಟು ಹಾಕಿಸಿ ಅದೇ ಮೊಳೆಗೆ ತೂಗುಹಾಕಿದಳು. ಹಳೆಯದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ಕುಣಿದಾಡುತ್ತಾಳೆ ಎಂದು ಗುಬ್ಬಿ ಕಾದಿದ್ದೇ ಬಂತು. "ಚೆನ್ನಾಗಿದೆ," ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋದಳು. "ಹಳೇದು ಎಲ್ಲಿಟ್ಟೆ?" ಎಂದು ಒಳಗಿನಿಂದ ಒಂದು ಸಲ ಕೇಳಿದಳು.

ಸಂಜೆ ತೊಟ್ಟಿಲಮ್ಮ ಬಂದಳು. ಅದು ಹೊಸದಲ್ಲ. ಗುಬ್ಬಿಗೆ ಬುದ್ಧಿ ಬಂದಾಗಿನಿಂದಲೂ, ಅಮ್ಮ ಕಾರ್ಖಾನೆಯಿಂದ ಬಂದು ಚಹಾಕ್ಕೆ ನೀರಿಡುವ ಹೊತ್ತಿಗೆ ತೊಟ್ಟಿಲಮ್ಮ ಟೈಮ್ ನೋಡಲು ಬರುತ್ತಿದ್ದಳು. ಅವಳ ಮನೆಯಲ್ಲಿ ಗಡಿಯಾರವಿರಲಿಲ್ಲ. ಗೋಡೆಯ ಎದುರು ನಿಂತು ತಲೆಯೆತ್ತಿ, "ಟೈಮ್ ಎಷ್ಟಾಯ್ತೇ?" ಅನ್ನುವಳು. ಅಮ್ಮ ಒಲೆಯ ಮುಂದಿನಿಂದ ಹೇಳುವಳು. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತು, ಚಹಾ ಕುಡಿದು ಹೋಗುವಳು. ಕಾರ್ಖಾನೆ ಮುಚ್ಚಿದರೂ, ಅಮ್ಮನ ಕೂದಲು ನರೆತರೂ ಅದು ತಪ್ಪಿರಲಿಲ್ಲ.

ಅಂದು ಗೋಡೆಯ ಎದುರು ನಿಂತವಳು ಟೈಮ್ ಕೇಳಲಿಲ್ಲ. ಗೋಡೆಗೆ ಇನ್ನೂ ಹತ್ತಿರ ಹೋದಳು. ಹೊಸ ಗಾಜಿನ ಮೇಲೆ ಬೆರಳಿಟ್ಟು, ಮಗುವಿನ ಕಿವಿಯ ಹತ್ತಿರ ಒಂದು ಸಲ ಉಜ್ಜಿದಳು.

"ಹೇಗಿದೆ ತೊಟ್ಟಿಲಮ್ಮ? ಫಳಫಳ ಅಂತಿಲ್ವಾ?" ಗುಬ್ಬಿ ಉತ್ಸಾಹದಿಂದ ಕೇಳಿದಳು.

ಮುದುಕಿ ಸೆರಗು ಹೊದ್ದುಕೊಂಡು ಬಾಗಿಲ ಕಡೆ ತಿರುಗಿದಳು. ಕಾಸಿದ ಚಹಾ ಒಲೆಯ ಮೇಲೇ ಉಳಿಯಿತು, ಅವಳು ಹೊರಟುಹೋದಳು.

ಭಾನುವಾರ ಅವಳು ಬರಲಿಲ್ಲ. ಸೋಮವಾರ ಟೈಮ್ ನೋಡಲೂ ಬರಲಿಲ್ಲ. ಅಮ್ಮ ಚಹಾಕ್ಕೆ ಅಭ್ಯಾಸಬಲದಿಂದ ಒಂದು ಲೋಟ ಹೆಚ್ಚು ನೀರಿಟ್ಟು, ಬಾಗಿಲ ಕಡೆ ನೋಡಿ, ಆ ಲೋಟದ ಚಹಾವನ್ನು ಬಚ್ಚಲಿಗೆ ಚೆಲ್ಲಿದಳು. ಗುಬ್ಬಿಗೆ ತಡೆಯಲಾಗಲಿಲ್ಲ. ಕೊನೆಯ ಮನೆಗೆ ಹೋದಳು.

ತೊಟ್ಟಿಲಮ್ಮ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬರಿಗೋಡೆ. ಓಣಿಯಲ್ಲಿ ಫೋಟೋ ಇಲ್ಲದ ಮನೆ ಅದೊಂದೇ ಎಂದು ಗುಬ್ಬಿಗೆ ಆಗ ಹೊಳೆಯಿತು.

"ಏನಾಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀನೇನು ಮಾಡ್ತೀಯ, ಮಗು. ನಿನ್ನ ಕೆಲಸ ನೀನು ಮಾಡಿದೆ." ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. "ನನ್ನ ಫೋಟೋ ಬೇಡ ಬಿಡು. ನೀನು ಎಲ್ಲ ಒರೆಸಿಬಿಡ್ತೀಯ."

"ಬೆರಳಾ? ನಿನ್ನ ಬೆರಳು ತೆಗೆದೆ ಅಂತ ಬೇಜಾರಾ? ವಾಪಸ್ ಹಾಕ್ತೀನಿ, ಒಂದು ನಿಮಿಷದ ಕೆಲಸ!"

"ನನ್ನ ಬೆರಳು ಹೋದ್ರೆ ಹೋಗ್ಲಿ," ಅಂದಳು ತೊಟ್ಟಿಲಮ್ಮ. ಆಮೇಲೆ ಎಷ್ಟು ಕರೆದರೂ ಈ ಕಡೆ ತಿರುಗಲಿಲ್ಲ.

ಬೆರಳಲ್ಲದಿದ್ದರೆ ಮತ್ತೇನು? ಗುಬ್ಬಿ ಮನೆಗೆ ಬಂದು ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಬೂಷ್ಟು, ಬಿರುಕು, ಬೆರಳು, ಚುಕ್ಕೆ. ಗಾಜಿನ ಮೇಲೆ ಮುದುಕಿ ಉಜ್ಜಿದ ಜಾಗ ನೆನಪಾಯಿತು. ಚುಕ್ಕೆಯನ್ನು ದೊಡ್ಡದು ಮಾಡಿದಳು. ಧೂಳಾಗಿದ್ದರೆ ಅಂಚು ಚೂಪಾಗಿರಬೇಕು. ಇದಕ್ಕೆ ಒಂದು ಕಡೆ ನೆರಳಿತ್ತು, ಇನ್ನೊಂದು ಕಡೆ ಬೆಳಕಿತ್ತು. ಅದು ಫೋಟೋದ ಮೇಲೆ ಕೂತದ್ದಲ್ಲ, ಮಗುವಿನ ಮೈಯಲ್ಲೇ ಇದ್ದದ್ದು. ತೊಟ್ಟಿಲಮ್ಮನ ಪರೀಕ್ಷೆಯ ಫೋಟೋ ತೆರೆದು ಪಕ್ಕದಲ್ಲಿಟ್ಟಳು. ಅದೇ ಜಾಗ, ಅದೇ ಕುಳಿ.

ಕೈ ತಾನಾಗಿಯೇ ತನ್ನ ಕಿವಿಗೆ ಹೋಯಿತು. ಮುಟ್ಟಿ ನೋಡಿದಳು, ಕನ್ನಡಿಯಲ್ಲಿ ನೋಡಿದಳು. ನುಣ್ಣಗಿತ್ತು. ಎರಡೂ ಕಡೆ ನುಣ್ಣಗಿತ್ತು.

ಅಮ್ಮ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಗುಬ್ಬಿ ಅವಳೆದುರು ಹೋಗಿ ನಿಂತಳು. "ಅಮ್ಮ, ಗೋಡೆ ಮೇಲಿರೋದು ನಾನಲ್ಲ."

ಅಮ್ಮನ ಕೈ ನಿಂತಿತು. "ಕೂತ್ಕೋ," ಅಂದಳು.

"ನಿನಗೆ ಗೊತ್ತಿತ್ತಾ?"

"ದಿನಾ ಮೀಯಿಸಿ ಕಿವಿ ಒರೆಸಿದವಳಿಗೆ ಗೊತ್ತಾಗಲ್ವೇನೇ?"

ಅಮ್ಮ ನಿಧಾನವಾಗಿ ಹೇಳಿದಳು. ಫ್ರಾಕ್ ಹೊಲಿದದ್ದಾಗಿತ್ತು, ರಜೆ ಸಿಗಲಿಲ್ಲ. ತೊಟ್ಟಿಲಮ್ಮ ಒಂದು ಕಂಕುಳಲ್ಲಿ ಗುಬ್ಬಿಯನ್ನೂ ಇನ್ನೊಂದರಲ್ಲಿ ತನ್ನ ಮಗಳನ್ನೂ ಎತ್ತಿಕೊಂಡು ಸ್ಟುಡಿಯೋಕ್ಕೆ ಹೋದಳು. ಬಟ್ಟೆ ಹೊದಿಸಿದ್ದೇ ತಡ, ಅಷ್ಟು ಹೊತ್ತು ಕಾಣುತ್ತಿದ್ದ ಮುಖ ಮಾಯವಾಯಿತಲ್ಲ, ಗುಬ್ಬಿ ಕಿರುಚಿ ಕಿರುಚಿ ಮುಖ ನೀಲಿಗಟ್ಟಿಸಿಕೊಂಡಳು. ಮುದುಕ ರೇಗಿದ, ಹೊರಗೆ ಬೇರೆ ಜನ ಕಾಯುತ್ತಿದ್ದರು. ಅಮ್ಮ ಆಸೆಪಟ್ಟು ಹೊಲಿದ ಫ್ರಾಕು, ಬರಿಗೈಯಲ್ಲಿ ಹೋಗುವುದು ಹೇಗೆ? ಫ್ರಾಕನ್ನು ತನ್ನ ಮಗಳಿಗೆ ಹಾಕಿ ತೊಟ್ಟಿಲಮ್ಮ ಬಟ್ಟೆಯೊಳಗೆ ಕೂತಳು. ಆ ಮಗುವಿಗೆ ಬಟ್ಟೆಯೊಳಗೆ ಯಾರಿದ್ದಾರೆ ಅಂತ ಗೊತ್ತಿತ್ತು, ಬೆರಳು ಹಿಡಿದುಕೊಂಡು ಸುಮ್ಮನೆ ಕೂತಿತು. "ಆ ಮುದುಕನೇ ಆಮೇಲೊಂದು ದಿನ ದಾರೀಲಿ ಸಿಕ್ಕಾಗ ನಗ್ತಾ ಹೇಳಿದ. ಅವನಿಗೇನು ಗೊತ್ತು ಪಾಪ."

"ಮತ್ತೆ ಫೋಟೋ?"

"ಫೋಟೋ ಕೈಗೆ ಬರೋ ಹೊತ್ತಿಗೆ ಆ ಮಗು ಇರಲಿಲ್ಲ." ಅಮ್ಮ ಮಡಿಲಲ್ಲಿದ್ದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿದಳು. "ಆದ್ರೂ ತಂದು ಕೊಟ್ಲು ಕಣೇ. ಎರಡೂ ಕೈಯಲ್ಲಿ ಹಿಡ್ಕೊಂಡು ಬಂದು, ತಗೋ ನಿನ್ನ ಮಗಳು ಅಂದ್ಲು. ನೋಡಿದ ತಕ್ಷಣ ನಂಗೆ ಗೊತ್ತಾಯ್ತು. ಬಾಯಿ ತೆಗೆದವಳು ಅವಳ ಮುಖ ನೋಡ್ದೆ. ನಮ್ಮ ಗುಬ್ಬಿ ಎಷ್ಟು ಚೆನ್ನಾಗಿ ಬಂದಿದಾಳೆ ಅಂದುಬಿಟ್ಟೆ. ಮುತ್ತು ಒಡೆದ್ರೆ ಹೋಯ್ತು, ಮಾತು ಆಡಿದ್ರೆ ಹೋಯ್ತು. ಆಮೇಲೆ ಹೇಗೆ ತಿದ್ದಲಿ?"

"ಅವಳಿಗೇ ಕೊಟ್ಟುಬಿಡಬಹುದಿತ್ತಲ್ಲಮ್ಮ! ಮಗು ಅವಳದು!"

"ಕೊಟ್ರೆ ಅವಳು ಆಡಿದ್ದು ಸುಳ್ಳು ಅಂದ ಹಾಗೆ. ನನಗೋಸ್ಕರ ಆಡಿದ ಸುಳ್ಳು ಅದು. ಮತ್ತೆ ನನ್ನ ಮುಖ ಹೇಗೆ ನೋಡ್ತಿದ್ಲು? ಅದೂ ಅಲ್ದೆ, ಆವಾಗ ಅವಳ ಸ್ಥಿತಿ ನೀನು ನೋಡಿಲ್ಲ. ಫೋಟೋ ಕೈಗೆ ಕೊಟ್ಟಿದ್ರೆ ಬಾಗಿಲು ಹಾಕ್ಕೊಂಡು ಅದರ ಮುಂದೆ ಕೂತು ಒಣಗಿ ಹೋಗ್ತಿದ್ಲು. ಅದಕ್ಕೇ ಪೇಟೆಗೆ ಹೋಗಿ ಒಂದು ಗಡಿಯಾರ ತಂದು ಅದರ ಪಕ್ಕ ಹಾಕ್ದೆ. ಟೈಮ್ ನೋಡೋಕೆ ಬಾರೇ ಅಂದೆ."

ಗುಬ್ಬಿ ಗಡಿಯಾರವನ್ನೇ ನೋಡಿದಳು.

"ಓದು ಬರಹ ಇಲ್ಲ, ಗಡಿಯಾರದ ಮುಳ್ಳು ನೋಡೋಕೆ ಅವಳಿಗೆ ಯಾವತ್ತೂ ಬರಲಿಲ್ಲ," ಅಂದಳು ಅಮ್ಮ. "ಎದುರಿಗೆ ನಿಂತ್ಕೊಂಡು ನನ್ನನ್ನ ಯಾಕೆ ಕೇಳ್ತಾಳೆ ಅಂತ ನೀನು ಒಂದು ದಿನವಾದ್ರೂ ಯೋಚನೆ ಮಾಡಿದ್ಯಾ?"

ಗುಬ್ಬಿಗೆ ಕೋಪ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಇಷ್ಟು ವರ್ಷ ತನ್ನದೆಂದುಕೊಂಡಿದ್ದ ಮುಖ ತನ್ನದಲ್ಲ. "ಹಾಗಾದ್ರೆ ನನ್ನ ಫೋಟೋ? ನಾನು ಚಿಕ್ಕವಳಿದ್ದಾಗಿನದು?"

"ಇಲ್ಲ. ನೀನು ಕಣ್ಣೆದುರಿಗೇ ಓಡಾಡ್ತಿದ್ದೆ. ಇರೋ ಮಗಳಿಗೆ ಫೋಟೋ ಯಾಕೆ?"

ಗುಬ್ಬಿ ಎದ್ದು ಬೀರುವಿನ ಮೇಲಿನ ಗಂಟನ್ನು ಇಳಿಸಿದಳು. "ಕೊಟ್ಟು ಬರೋಣ ಬಾ."

ಅಮ್ಮ ಏಳಲಿಲ್ಲ. ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. "ಕೊಟ್ಟುಬಿಟ್ರೆ ಆಮೇಲೆ ಅವಳು ಯಾಕೆ ಬರ್ತಾಳೆ, ಗುಬ್ಬಿ? ನಿಮ್ಮಪ್ಪ ಹೋದ್ರು, ನೀನು ಹೋದೆ. ಇಷ್ಟು ವರ್ಷ ಈ ಬಾಗಿಲಿಗೆ ತಪ್ಪದೆ ಬಂದಿದ್ದು ಅವಳೊಬ್ಬಳು." ಹಳೇ ಫೋಟೋವನ್ನೇ ಮೊಳೆಗೆ ಮತ್ತೆ ತೂಗುಹಾಕಿದರೆ ಎಲ್ಲವೂ ಮೊದಲಿನಂತಾಗುತ್ತದೆ, ಯಾರೂ ಬಾಯಿ ಬಿಡಬೇಕಾಗಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಕೊನೆಗೆ ಅಮ್ಮನೇ ಚಪ್ಪಲಿ ಮೆಟ್ಟಿಕೊಂಡಳು. "ನಡಿ. ಆಗಲೇ ತಡ ಆಗಿದೆ."

ತೊಟ್ಟಿಲಮ್ಮ ಮಂಚದ ಮೇಲೆ ಎದ್ದು ಕೂತಿದ್ದಳು. ಅಮ್ಮ ಬೆಡ್‌ಶೀಟು ಬಿಚ್ಚಿ, ಹಳೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಲ್ಲಿಟ್ಟಳು. "ತಗೋ. ನಿನ್ನ ಮಗಳು."

ತೊಟ್ಟಿಲಮ್ಮ ಫೋಟೋ ನೋಡಲಿಲ್ಲ, ಅಮ್ಮನ ಮುಖ ನೋಡಿದಳು. "ಯಾವಾಗಿಂದ ಗೊತ್ತು?"

"ನೀನು ಕೈಗೆ ಕೊಟ್ಟಾಗಿಂದ."

"ಕಳ್ಳಿ," ಅಂದಳು ತೊಟ್ಟಿಲಮ್ಮ. "ದೊಡ್ಡ ಕಳ್ಳಿ ಕಣೇ ನೀನು." ಅಂದವಳು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಅಳತೊಡಗಿದಳು. ಅಮ್ಮ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಅವಳಿಗೂ ಅಳು ತಡೆಯಲಿಲ್ಲ. ಬಹಳ ಹೊತ್ತಿನ ಮೇಲೆ ತೊಟ್ಟಿಲಮ್ಮ ಗಾಜಿನ ಮೇಲೆ ಬೆರಳಾಡಿಸಿ ಆ ಕಪ್ಪು ಚುಕ್ಕೆಯನ್ನು ಹುಡುಕಿದಳು. "ಚಿನ್ನು," ಎಂದು ಕರೆದಳು. ಓಣಿಯಲ್ಲಿ ಆ ಹೆಸರನ್ನು ಯಾರೂ ಕೇಳಿ ಎಷ್ಟೋ ಕಾಲವಾಗಿತ್ತು.

"ನನ್ನ ತಪ್ಪಾಯ್ತು ತೊಟ್ಟಿಲಮ್ಮ," ಅಂದಳು ಗುಬ್ಬಿ. "ಅದು ಧೂಳು ಅಂದ್ಕೊಂಡೆ."

"ನಿನಗೆ ಹೇಗೆ ಗೊತ್ತಾಗ್ಬೇಕು, ಬಿಡು." ಕಣ್ಣೊರೆಸಿಕೊಂಡು ಅವಳೇ ಕೇಳಿದಳು. "ಕ್ಯಾಮೆರಾ ತಂದಿದ್ಯಾ? ತೆಗಿ ಹಾಗಾದ್ರೆ. ನಮ್ಮಿಬ್ಬರದ್ದೂ ತೆಗಿ."

ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದರು. ತೊಟ್ಟಿಲಮ್ಮ ಫೋಟೋವನ್ನು ಎದೆಗೊತ್ತಿಕೊಂಡು ಕೂತಳು. ಬೆನ್ನು ನಿಲ್ಲಲಿಲ್ಲ, ಒಂದು ಕಡೆಗೆ ವಾಲಿದಳು. ದಿಂಬು ಕೊಟ್ಟರೂ ಜಾರಿತು. ಅಮ್ಮ ನೋಡುವಷ್ಟು ಹೊತ್ತು ನೋಡಿದಳು. ಆಮೇಲೆ ಫೋಟೋ ಸುತ್ತಿ ತಂದಿದ್ದ ಆ ಹಳೇ ಬೆಡ್‌ಶೀಟನ್ನು ಕೊಡವಿ, ಕುರ್ಚಿಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ತಲೆಯ ಮೇಲಿಂದ ಹೊದ್ದುಕೊಂಡಳು. ಬಟ್ಟೆಯೊಳಗಿನಿಂದ ಎರಡು ಕೈ ಬಂದು ತೊಟ್ಟಿಲಮ್ಮನ ಸೊಂಟವನ್ನು ಗಟ್ಟಿಯಾಗಿ ಹಿಡಿದವು.

"ಬೇಗ ತೆಗಿಯೇ ಗುಬ್ಬಿ, ಒಳಗೆ ಉಸಿರು ಕಟ್ಟುತ್ತೆ," ಅಂದಿತು ಬಟ್ಟೆ.

"ಸುಮ್ನೆ ಕೂತ್ಕೋ," ಅಂದಳು ತೊಟ್ಟಿಲಮ್ಮ. "ನಿಮ್ಮೆಲ್ಲರ ಮಕ್ಕಳಿಗೂ ನಾನು ಕೂತಿರಲಿಲ್ವಾ?" ಅಮ್ಮನ ಒಂದು ಬೆರಳು ಹೊರಗೆ ಕಾಣುತ್ತಿತ್ತು. ತೊಟ್ಟಿಲಮ್ಮ ಅದನ್ನು ಹಿಡಿದುಕೊಂಡಳು. ಮುಖ ನೆಟ್ಟಗಾಯಿತು, ನಡುಕ ನಿಂತಿತು. ಗುಬ್ಬಿ ಫೋಟೋ ತೆಗೆದಳು.

ಮರುದಿನ ಸಂಜೆ ಅಮ್ಮ ಚಹಾಕ್ಕೆ ಒಂದು ಲೋಟ ಹೆಚ್ಚೇ ನೀರಿಟ್ಟಳು. ಬಾಗಿಲ ಕಡೆ ನೋಡಬಾರದೆಂದು ಒಲೆಯನ್ನೇ ನೋಡುತ್ತ ನಿಂತಳು. ಗೋಡೆಯ ಮೇಲೆ ಗಡಿಯಾರ, ಪಕ್ಕದಲ್ಲಿ ಬರೀ ಮೊಳೆ. ಹೊಸ ಫೋಟೋವನ್ನು ಗುಬ್ಬಿ ಬೆಳಗ್ಗೆಯೇ ತೆಗೆದುಬಿಟ್ಟಿದ್ದಳು. ನೀರು ಕುದಿಯಿತು, ಪುಡಿ ಹಾಕಿದ್ದಾಯಿತು, ಹಾಲೂ ಹಾಕಿದ್ದಾಯಿತು. ಅಮ್ಮ ಎರಡೇ ಎರಡು ಲೋಟ ಎತ್ತಿಕೊಳ್ಳುವ ಹೊತ್ತಿಗೆ ಹೊಸ್ತಿಲಲ್ಲಿ ಕೋಲಿನ ಸದ್ದಾಯಿತು.

ತೊಟ್ಟಿಲಮ್ಮ ಒಳಗೆ ಬಂದು ಗೋಡೆಯ ಎದುರು ನಿಂತಳು. ತಲೆಯೆತ್ತಿ ನೋಡಿದಳು.

"ಟೈಮ್ ಎಷ್ಟಾಯ್ತೇ?"

"ಆರೂವರೆ," ಅಂದಳು ಅಮ್ಮ, ಗಡಿಯಾರ ನೋಡದೆಯೇ. ಇನ್ನೊಂದು ಲೋಟ ಎತ್ತಿಕೊಂಡಳು.

"ಆ ಮೊಳೆ ಖಾಲಿ ಚೆನ್ನಾಗಿಲ್ಲ," ಅಂದು ತೊಟ್ಟಿಲಮ್ಮ ಗುಬ್ಬಿಯ ಕಡೆ ತಿರುಗಿದಳು. "ನಿಮ್ಮಮ್ಮಂಗೆ ನಿನ್ನ ಫೋಟೋ ತೆಗೆಸಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಆವತ್ತು ರಂಪ ಮಾಡಿ ನನ್ನ ಮಾತು ಕೆಡಿಸಿದೆ. ಬಾ, ಕೂತ್ಕೋ."

ಕ್ಯಾಮೆರಾ ತಾನಾಗಿಯೇ ತೆಗೆಯುವಂತೆ ಸರಿಮಾಡಿ ಗುಬ್ಬಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ತೊಟ್ಟಿಲಮ್ಮ ಕೋಲನ್ನು ಗೋಡೆಗೊರಗಿಸಿ, ಹಿಂದೆ ನಿಂತು, ಎರಡೂ ಕೈಯಿಂದ ಅವಳ ಭುಜ ಹಿಡಿದುಕೊಂಡಳು. ಬಟ್ಟೆ ಗಿಟ್ಟೆ ಏನೂ ಹೊದ್ದುಕೊಳ್ಳಲಿಲ್ಲ. ಗುಬ್ಬಿಗೆ ಬೇಡವೆಂದರೂ ಕಣ್ಣು ತುಂಬಿ ಬಂತು.

"ನೋಡೇ, ಮತ್ತೆ ಅಳ್ತಾಳೆ," ಎಂದು ತೊಟ್ಟಿಲಮ್ಮ ಅಮ್ಮನಿಗೆ ಹೇಳಿದಳು. "ಇರ್ಲಿ ಬಿಡು, ಈ ಸಲ ಹಾಗೇ ತೆಗೆಸಿಬಿಡೋಣ."